ಶಟ್‌ಡೌನಿನಲ್ಲಿ ಒಂದು ಸ್ಟೀಲಿನ ಡಬ್ಬಿ

ಅಮೆರಿಕದಲ್ಲಿದ್ದುಕೊಂಡು, ಅದೂ ಈ ಸಿಲಿಕಾನ್ ಕಣಿವೆಯಲ್ಲಿದ್ದುಕೊಂಡು, ಗಂಡನಿಗೆ ‘ಸರ್ಕಾರಿ ನೌಕರಿ ಹಿಡೀರಿ’ ಎಂದು ಬುದ್ಧಿ ಹೇಳಿದ ಏಕೈಕ ಹೆಂಗಸು ನಾನೇ ಇರಬೇಕು. ಈ ಕೀರ್ತಿಯಲ್ಲಿ ಯಾರಿಗಾದರೂ ಪಾಲು ಬೇಕಿದ್ದರೆ ಸಂಕೋಚವಿಲ್ಲದೆ ಕೇಳಿ. ಅರ್ಧಕ್ಕಿಂತ ಹೆಚ್ಚೇ ಕೊಡುತ್ತೇನೆ.

ನಮ್ಮ ಯಜಮಾನರ ಹೆಸರು ವೆಂಕಟಾಚಲ. ಹೆಸರಿನಲ್ಲಿ ‘ಅಚಲ’ ಇದ್ದರೂ ಅವರ ನೌಕರಿಗಳೆಲ್ಲ ಚಂಚಲ. ಮೊದಲನೆಯ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿತು. ಎರಡನೆಯದನ್ನು ನುಂಗಲು ಯಾರೂ ಮುಂದೆ ಬರಲಿಲ್ಲವಾದ್ದರಿಂದ ಅದು ತಾನಾಗಿಯೇ ಕರಗಿತು. ಮೂರನೆಯದರಲ್ಲಿ ಒಂದು ಬೆಳಗ್ಗೆ ಇವರು ಬ್ಯಾಡ್ಜು ತೋರಿಸಿದರೆ ಬಾಗಿಲು ತೆರೆಯಲಿಲ್ಲ. ಬ್ಯಾಡ್ಜು ಕೆಟ್ಟಿದೆ ಎಂದುಕೊಂಡು ಚಳಿಯಲ್ಲಿ ಬಹಳ ಹೊತ್ತು ನಿಂತಿದ್ದು, ಕೆಟ್ಟಿರುವುದು ಬ್ಯಾಡ್ಜಲ್ಲ ಎಂದು ತಿಳಿದ ಮೇಲೆ, ಊಟದ ಚೀಲವನ್ನು ಹಾಗೇ ಹಿಡಿದುಕೊಂಡು ಮನೆಗೆ ಬಂದರು.

ಆ ದಿನ ನನ್ನೊಳಗಿದ್ದ ನಮ್ಮಪ್ಪನ ಮಗಳು ಎದ್ದು ನಿಂತಳು. ನಮ್ಮಪ್ಪ ಬೆಂಗಳೂರಿನ ಎ.ಜಿ. ಆಫೀಸಿನಲ್ಲಿದ್ದವರು. ಒಂದನೇ ತಾರೀಖು ಸೂರ್ಯ ಹುಟ್ಟುವುದು ತಡವಾದರೂ ಅವರ ಸಂಬಳ ತಡವಾಗುತ್ತಿರಲಿಲ್ಲ.

“ಈ ಸ್ಟಾರ್ಟಪ್ಪು ಸ್ಟಾಪಪ್ಪು ಎಲ್ಲ ಸಾಕು. ಗವರ್ನಮೆಂಟ್ ಕೆಲಸ ನೋಡಿ. ಕಾಯಂ ಅಂದ್ರೆ ಕಾಯಂ,” ಎಂದೆ.

ನೋಡಿದರು. ಸಿಕ್ಕಿತು. ಏರ್‌ಪೋರ್ಟಿನಲ್ಲಿ ಇಳಿಯುವ ವಿಮಾನಗಳಿಗೆ ದಾರಿ ತೋರಿಸುವ ಯಂತ್ರಗಳಿವೆಯಲ್ಲ, ಅವುಗಳ ಆರೋಗ್ಯ ನೋಡಿಕೊಳ್ಳುವ ಕೆಲಸ. ಸಂಬಳ ಕಡಿಮೆ. ಆದರೆ ಇವರ ಮುಖದ ಮೇಲೆ ನಾನು ಮದುವೆಯ ಆಲ್ಬಮ್ಮಿನಲ್ಲಿ ಮಾತ್ರ ನೋಡಿದ್ದ ಒಂದು ನೆಮ್ಮದಿ ಮರಳಿ ಬಂತು. ನಾನಂತೂ ಎವರ್‌ಗ್ರೀನ್‌ನಿಂದ ಕ್ಯುಪರ್ಟಿನೋವರೆಗೆ ಕನ್ನಡ ಬಲ್ಲ ಪ್ರತಿಯೊಬ್ಬರಿಗೂ ಸಾರಿಕೊಂಡು ಬಂದೆ: “ನಿಮ್ಮದೆಲ್ಲ ಬರೀ ಸ್ಟಾಕು. ನಮ್ಮದು ಸರ್ಕಾರ.”

ಅಕ್ಟೋಬರ್ ಹುಟ್ಟಿತು. ಸರ್ಕಾರ ಬಾಗಿಲು ಹಾಕಿಕೊಂಡಿತು.

ಬಜೆಟ್ಟು ಪಾಸಾಗದಿದ್ದರೆ ಇಲ್ಲಿ ಸರ್ಕಾರವೇ ಶಟ್‌ಡೌನ್. ಈ ಬಾಗಿಲು ಹಾಕುವುದರಲ್ಲೂ ಎರಡು ಜಾತಿ. ಕೆಲವರನ್ನು ಸಂಬಳವಿಲ್ಲದೆ ಮನೆಗೆ ಕಳಿಸುತ್ತಾರೆ. ಅದಕ್ಕೆ ಫರ್ಲೋ ಎನ್ನುತ್ತಾರೆ. (ಕೊನೆಗೊಂದು ‘ಕ’ ಸೇರಿಸಿದರೆ ಪರಲೋಕ.) ಇನ್ನು ಕೆಲವರು ‘ಎಸೆನ್ಶಿಯಲ್’, ಅಂದರೆ ಅತ್ಯಗತ್ಯ. ಅವರು ದಿನಾ ಕೆಲಸಕ್ಕೆ ಬರಬೇಕು. ಸಂಬಳ ಮಾತ್ರ ಅಷ್ಟೇನೂ ಅತ್ಯಗತ್ಯವಲ್ಲ. ನಮ್ಮವರು ಅತ್ಯಗತ್ಯ.

“ಹೆದರ್ಕೋಬೇಡ ಪದ್ದು. ನಮಗೆ ರಕ್ಷಣೆಗಳಿವೆ,” ಎಂದರು ಇವರು, ಕಾಫಿ ಲೋಟ ಕೆಳಗಿಟ್ಟು, ಸಂಧ್ಯಾವಂದನೆಗೆ ಕೂತವರ ಗಾಂಭೀರ್ಯದಲ್ಲಿ.

“ಏನೇನು, ಹೇಳಿ.”

“ಬಾಗಿಲು ತೆಗೆದ ಮೇಲೆ ಬಾಕಿ ಸಂಬಳ ಕೊಡ್ಲೇಬೇಕು ಅಂತ ಕಾನೂನಿದೆ. ನಮ್ಮ ಸಹಕಾರಿ ಬ್ಯಾಂಕಿದ್ಯಲ್ಲ, ಕ್ರೆಡಿಟ್ ಯೂನಿಯನ್ನು, ಅಲ್ಲಿ ಬಡ್ಡಿಯಿಲ್ಲದ ಸಾಲ ಕೊಡ್ತಾರೆ. ಮನೆ ಕಂತನ್ನೂ ಮುಂದಕ್ಕೆ ಹಾಕ್ತಾರೆ, ಒಂದು ಫೋನ್ ಮಾಡಿ ಕೇಳಿದ್ರೆ ಸಾಕು. ಇಂಥ ಹೊತ್ತಲ್ಲಿ ನೌಕರರನ್ನ ಮನೆ ಬಿಡಿಸಬಾರದು, ಸಾಲಕ್ಕೆ ಪೀಡಿಸಬಾರದು ಅಂತ ಒಂದು ಮಸೂದೆ ಬೇರೆ ಇದ್ಯಂತೆ.”

“ಅದು ಪಾಸಾಯ್ತಾ?”

“ಇಲ್ಲ. ಪಾಸು ಮಾಡ್ಬೇಕಾದೋರು ಜಗಳ ಆಡ್ತಿರೋದ್ರಿಂದ್ಲೇ ಅಲ್ವಾ ಬಾಗಿಲು ಹಾಕಿರೋದು?”

ಮಳೆ ಬರುವಾಗ ‘ಕೊಡೆ’ ಕೇಳಿದರೆ ‘ಕೊಡೆ’ ಎನ್ನುವುದು ಇದೇ ಇರಬೇಕು.

“ಇರ್ಲಿ, ನಾಳೆ ಕ್ರೆಡಿಟ್ ಯೂನಿಯನ್‌ಗೆ ಫೋನ್ ಮಾಡ್ತೀನಿ,” ಎಂದು ಇವರು ಎದ್ದರು.

“ಖಂಡಿತ ಕೂಡದು!” ಎಂದು ನಾನೂ ಎದ್ದೆ. “ಅಲ್ಲಿ ಕೌಂಟರಿನಲ್ಲಿ ಕೂತಿರೋದು ಯಾರು ಗೊತ್ತಾ? ಲಾಸ್ಯಾ!”

ಲಾಸ್ಯಾ ಒಳ್ಳೆಯ ಹುಡುಗಿ. ಆದರೆ ನಮ್ಮ ಮಹಿಳಾ ಮಂಡಳಿಯ ಕಾರ್ಯದರ್ಶಿ. ಮಂಡಳಿಯ ಎದುರು ‘ನಮ್ಮದು ಸರ್ಕಾರ’ ಎಂದು ತಲೆ ಎತ್ತಿ ಹೇಳಿದ ಬಾಯಲ್ಲೇ, ‘ಸ್ವಲ್ಪ ಕಂತು ಮುಂದಕ್ಕೆ ಹಾಕಮ್ಮ’ ಎಂದು ಅವಳ ಮುಂದೆ ಹೇಳುವುದೆ? ಮನೆ ಹೋದರೂ ಹೋಗಲಿ, ಮಾನ ಇರಲಿ ಎಂದು ನಾನು ತೀರ್ಮಾನಿಸಿಬಿಟ್ಟೆ. ಗಂಡನನ್ನೂ ಹದಿನಾರರ ಮಗಳು ವಿಭಾಳನ್ನೂ ಕೂರಿಸಿಕೊಂಡು ಸುಗ್ರೀವಾಜ್ಞೆ ಹೊರಡಿಸಿದೆ. ನಮ್ಮ ವಿಭಾಗೆ ಕನ್ನಡ ಕಿವಿಯೊಳಗೆ ಹೋಗುತ್ತದೆ, ಬಾಯಿಂದ ಹೊರಗೆ ಬರುವುದಿಲ್ಲ, ಆದ್ದರಿಂದ ಅವಳಿಗೆ ಪ್ರತ್ಯೇಕವಾಗಿ ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಹೇಳಿದೆ: “ಡೋಂಟ್ ಟೆಲ್ ಎನಿಬಡಿ ಎನಿಥಿಂಗ್. ಯಾರಿಗೂ, ಏನೂ, ಹೇಳಕೂಡದು.”

“ಓಕೇ,” ಎಂದಳು ವಿಭಾ. ಆ ಹುಡುಗಿ ನನ್ನ ಮಾತು ಕೇಳಿದ್ದು ಅದೇ ಮೊದಲು. ಅದರ ಪರಿಣಾಮ ಮುಂದೆ ಬರುತ್ತದೆ.

ಮರುದಿನ ವಿಜಯದಶಮಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿಯಿತು. ನೋಡಿದರೆ ಪಕ್ಕದ ಮನೆಯ ದಾನವ್ವ. ಹುಬ್ಬಳ್ಳಿಯವರು; ಮಗ ನವೀನ, ಸೊಸೆ ಸ್ನೇಹಲ್ ಜೊತೆ ಇಲ್ಲಿದ್ದಾರೆ. ಇಳಕಲ್ಲು ಸೀರೆಯ ಮೇಲೆ ಮಗನ ಕಂಪನಿಯ ಹೆಸರಿರುವ ಜಾಕೆಟ್ಟು ತೊಟ್ಟು, ಒಂದು ಕೈಯಲ್ಲಿ ಹಿತ್ತಲಿನ ಯಾವುದೋ ಗಿಡದ ಎಲೆ, ಇನ್ನೊಂದು ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದರು.

“ಬನ್ನಿ ತಗೋರಿ ಪದ್ಮವ್ವಾ, ಬಂಗಾರದಂಗ ಇರೂಣು. ಈ ದೇಶದಾಗ ಬನ್ನಿ ಎಲ್ಲಿಂದ ತರೂದು, ಇದನ್ನ ಬನ್ನಿ ಅಂದ್ಕೋರಿ,” ಎಂದು ಎಲೆಯನ್ನು ನನ್ನ ಅಂಗೈಗೆ ಇಟ್ಟರು. ಆಮೇಲೆ ಡಬ್ಬಿ ಚಾಚಿದರು. “ಭಾಳ ತಡಾ ಆತ್ರಿ. ತಪ್ಪು ತಿಳ್ಕೋಬ್ಯಾಡ್ರಿ.”

ದೀಪದ ಹೊತ್ತಿಗೇ ಬಂದವರು ತಡವಾಯಿತು ಎನ್ನುತ್ತಾರಲ್ಲ, ಎಷ್ಟು ವಿನಯ ಎಂದುಕೊಂಡೆ. ಡಬ್ಬಿಯೊಳಗೆ ಕರಿಗಡಬು. ಡಬ್ಬಿಯಾದರೂ ಎಂಥದ್ದು! ಈಗಿನ ತಗಡಿನಂಥದ್ದಲ್ಲ, ಕೈಗೆ ತೂಕ ಕೊಡುವಂಥ, ಬಿಗಿ ಮುಚ್ಚಳದ ಹಳೇ ಕಾಲದ ಡಬ್ಬಿ. ಇಂಥದ್ದೇ ಒಂದು ನಮ್ಮಮ್ಮನ ಹತ್ತಿರವೂ ಇತ್ತಲ್ಲ ಎಂದು ನೆನಪಾಗಿ ಕಣ್ಣು ತೇವವಾಯಿತು.

ಇನ್ನು, ಯಾರದೋ ಮನೆಯಿಂದ ತುಂಬಿ ಬಂದ ಡಬ್ಬಿಯನ್ನು ಖಾಲಿ ವಾಪಸ್ ಕಳಿಸುವ ಕನ್ನಡತಿ ಇನ್ನೂ ಹುಟ್ಟಿಲ್ಲ. ಇದು ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ, ರಕ್ತದಲ್ಲಂತೂ ಇದೆ. ಸಾಲದ್ದಕ್ಕೆ ನಮ್ಮವರದೊಂದು ಹೊಸ ಶಾಸ್ತ್ರ.

“ಪದ್ದು, ಇದರ ಬೆಲೆ ಇಪ್ಪತ್ತು ಡಾಲರ್ ದಾಟುತ್ತಾ?” ಎಂದರು, ಕರಿಗಡಬನ್ನು ಬೆರಳಲ್ಲಿ ಎತ್ತಿ ಹಿಡಿದು.

“ಯಾಕೆ, ಮಾರ್ತೀರಾ?”

“ಹಾಗಲ್ಲ. ನಾವು ಫೆಡರಲ್ ನೌಕರರು ಅದಕ್ಕಿಂತ ಜಾಸ್ತಿ ಉಡುಗೊರೆ ತಗೊಳ್ಳೋ ಹಾಗಿಲ್ಲ. ನಮ್ಮ ಹುದ್ದೆ ನೋಡಿ ಕೊಟ್ಟಿದ್ರೆ ತಪ್ಪಾಗುತ್ತೆ.”

“ದಾನವ್ವನ ಕರಿಗಡಬಿಗೂ ನಿಮ್ಮ ಹುದ್ದೆಗೂ ಏನ್ರೀ ಸಂಬಂಧ? ಅವರ ಮನೆ ಮೇಲೆ ವಿಮಾನ ಇಳಿಸ್ತೀರಾ?”

“ಸಮಕ್ಕೆ ಸಮ ವಾಪಸ್ ಕೊಟ್ಬಿಡು. ಸುಮ್ನೆ ಯಾಕೆ ತೊಂದರೆ,” ಎಂದು ಕರಿಗಡಬನ್ನು ಬಾಯಿಗೆ ಹಾಕಿಕೊಂಡರು.

ಹೀಗೆ ಸಂಪ್ರದಾಯವೂ ಅಮೆರಿಕ ಸರ್ಕಾರವೂ ಒಂದೇ ಮಾತು ಹೇಳಿದ ಮೇಲೆ ನಾನು ಯಾರು? ಪುಳಿಯೋಗರೆ ತುಂಬಿ ಕಳಿಸಿದೆ.

ಅಲ್ಲಿಗೆ ಮುಗಿಯಬೇಕಿತ್ತು. ಮೂರು ದಿನದಲ್ಲಿ ಡಬ್ಬಿ ವಾಪಸ್ ಬಂತು: ಜೋಳದ ರೊಟ್ಟಿ, ಎಣ್ಣೆಗಾಯಿ, ಬೆಳ್ಳುಳ್ಳಿ ಘಮಘಮಿಸುವ ಶೇಂಗಾ ಚಟ್ನಿ. ಬರೀ ಪುಳಿಯೋಗರೆಗೆ ಇಷ್ಟೊಂದೆ? ನಾನು ಗೋಡಂಬಿ ಹಾಕಿ ಬಿಸಿಬೇಳೆಬಾತ್ ಕಳಿಸಿದೆ. ಅದಕ್ಕೆ ಉತ್ತರವಾಗಿ ಗೋಧಿ ಬೆಲ್ಲದ ಮಾದಲಿ ಬಂತು, ಮೇಲೆ ತುಪ್ಪ ಸುರಿದು. ನಾನು ಬಾದಾಮಿ ಹಲ್ವಕ್ಕೆ ಏರಿದೆ. ಡಬ್ಬಿ ಒಂದೇ, ಖರ್ಚು ಡಬ್ಬಲ್.

ನನ್ನ ಸಂಕಟ ನಿಮಗೆ ಅರ್ಥವಾಗಬೇಕು. ಸಹಾಯ ಮಾಡಿ ಎಂದು ನಾವು ಯಾರನ್ನೂ ಕೇಳಿರಲಿಲ್ಲ. ಬೀದಿಯಲ್ಲಿ ಸಿಕ್ಕಿದವರು “ಶಟ್‌ಡೌನ್ ಅಂತೆ, ನಿಮಗೆ ಹೇಗೆ?” ಎಂದರೆ, “ನಮಗೇನೂ ಇಲ್ಲಪ್ಪ, ಇವರು ಎಸೆನ್ಶಿಯಲ್, ದಿನಾ ಹೋಗ್ತಾರಲ್ಲ!” ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಸತ್ಯವೂ ಅಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ವ್ಯಾಕರಣದಲ್ಲಿ ಇದಕ್ಕೊಂದು ಜಾಗ ಇರಬೇಕು. ಮನೆಯಲ್ಲಿ ಹೀಟರು ಆರಿಸಿದ್ದಾಯಿತು. ಟಿವಿಯ ಚಂದಾ ನಿಲ್ಲಿಸಿದ್ದಾಯಿತು. ನಮ್ಮ ಮೂವರಿಗೆ ದಿನಾ ತಿಳಿಸಾರು. ಡಬ್ಬಿಗೆ ಮಾತ್ರ ಬಾದಾಮಿ.

“ಅಮ್ಮಾ, ಡಬ್ಬಿ ಈಟ್ಸ್ ಬೆಟರ್ ದ್ಯಾನ್ ಮಿ,” ಎಂದಳು ವಿಭಾ, ಪಾತ್ರೆ ಒರೆಸುತ್ತ. ಡಬ್ಬಿಯನ್ನು ಬೋರಲು ಹಾಕಿ ಒರೆಸುತ್ತಿದ್ದವಳು, ಒಮ್ಮೆ ನಿಲ್ಲಿಸಿ, “ಆ್ಯಂಡ್ ಅಮ್ಮಾ, ದಿಸ್ ಡಬ್ಬಿ...” ಎಂದು ಏನೋ ಶುರು ಮಾಡಿದಳು.

“ಮಾತು ಬೇಡ. ಒರೆಸು,” ಎಂದೆ.

ಪಕ್ಕದ ಮನೆಯ ವೈಭವವನ್ನಂತೂ ಕಿಟಕಿಯಿಂದ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ನವೀನ ಹಗಲೆಲ್ಲ ಮನೆಯಲ್ಲೇ ಇರುತ್ತಿದ್ದ. ವರ್ಕ್ ಫ್ರಮ್ ಹೋಮ್, ಭಾಗ್ಯವಂತ! ಹುಲ್ಲು ಕತ್ತರಿಸಲು ಬರುತ್ತಿದ್ದವನನ್ನು ಬಿಡಿಸಿ ತಾನೇ ಕತ್ತರಿಸುತ್ತಿದ್ದ. ಶ್ರೀಮಂತರಿಗೆ ವ್ಯಾಯಾಮವೂ ಬೇಕಲ್ಲ. ಅವರ ಎಲೆಕ್ಟ್ರಿಕ್ ಕಾರು ಒಂದು ದಿನ ಕಾಣಲಿಲ್ಲ; ಇನ್ನೂ ದೊಡ್ಡದಕ್ಕೆ ಕೊಟ್ಟಿದ್ದಾರೆ ಎಂದು ತೀರ್ಪು ಕೊಟ್ಟೆ.

ಸಂಬಳದ ದಿನ ಬಂದು, ಸಂಬಳ ಬಾರದೆ ಹೋಯಿತು. ಆ ಬೆಳಗ್ಗೆ ಇವರು ಎಂದಿನಂತೆ ಶರ್ಟು ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ಕಾಲರಿನ ಎರಡೂ ತುದಿಗಳನ್ನು ಅಷ್ಟು ಎಚ್ಚರದಿಂದ ಒತ್ತುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಕಾಸಿಲ್ಲದ ಕೆಲಸಕ್ಕೆ ಇಷ್ಟು ಇಸ್ತ್ರಿ ಯಾಕೆ ರೀ? ಸುಕ್ಕಿನಲ್ಲೇ ಹೋಗಿ. ಗೊತ್ತಾಗ್ಲಿ ಅವರಿಗೂ.”

“ಯಾರಿಗೆ?”

“ಎಲ್ರಿಗೂ!”

ಇವರು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿಟ್ಟರು. “ಪದ್ದು, ಮೋಡದೊಳಗಿಂದ ಒಂದು ವಿಮಾನ ಇಳಿಯುತ್ತೆ ಅಂತ ಇಟ್ಕೋ. ಒಳಗೆ ಇನ್ನೂರು ಜನ. ಕೆಳಗಿರೋನಿಗೆ ಈ ತಿಂಗಳು ಸಂಬಳ ಆಗಿದ್ಯೋ ಇಲ್ವೋ ಅಂತ ಅವರಿಗೆ ಗೊತ್ತಾಗುತ್ತಾ? ಗೊತ್ತಾಗಬಾರದು. ನನ್ನ ಕೆಲಸ ಅಂದ್ರೆ ಅದೇ.”

ಈ ಮನುಷ್ಯನ ಮೇಲೆ ರೇಗುವುದಕ್ಕೂ ಒಂದು ಕಾರಣ ಸಿಗುವುದಿಲ್ಲ. ನಾನು ಶರ್ಟಿನ ಬೆನ್ನನ್ನು ಹಿಡಿದುಕೊಟ್ಟೆ. ಅವರು ಇಸ್ತ್ರಿ ಮುಂದುವರಿಸಿದರು. ಕೆಳಗಿರುವವನ ಹೆಂಡತಿಗೂ ಒಂದು ಕೆಲಸವಿದೆ ಎಂದು ನನಗೆ ಆಗ ಅನ್ನಿಸಿತು. ಮೇಲಿನವರಿಗೆ, ಪಕ್ಕದವರಿಗೆ, ಯಾರಿಗೂ ಗೊತ್ತಾಗಬಾರದು. ದಾನವ್ವನಿಗಂತೂ ಮೊದಲೇ ಗೊತ್ತಾಗಬಾರದು.

ದೀಪಾವಳಿಗೆ ದಾನವ್ವ ಶೇಂಗಾ ಹೋಳಿಗೆ ಕಳಿಸಿದರು. ಎಂಥ ಹೂರಣ ಎನ್ನುತ್ತೀರಿ! ಕಲ್ಲಿನಲ್ಲಿ ಅರೆದರೂ ಅಷ್ಟು ನುಣುಪು ಬರುವುದಿಲ್ಲ. ಈ ಹೊಡೆತಕ್ಕೆ ನಾನು ಪೂರ್ತಿ ನೆಲಕ್ಕೆ ಬಿದ್ದೆ. ಮನೆಯಲ್ಲಿ ಬಾದಾಮಿ ಮುಗಿದಿತ್ತು, ತುಪ್ಪದ ಬಾಟಲಿ ಬೋರಲಾಗಿತ್ತು, ಹಾಲು ಕಾಫಿಗೆ ಮಾತ್ರ ಇತ್ತು. ಡಬ್ಬಿ ನಮ್ಮ ಅಡುಗೆ ಕಟ್ಟೆಯ ಮೇಲೆ, ವಸೂಲಿಗೆ ಬಂದವನ ಹಾಗೆ ಕೂತಿತ್ತು.

ಆಗ ಇವರ ಸಹೋದ್ಯೋಗಿಗಳು ಮಾತಾಡಿಕೊಂಡದ್ದು ನೆನಪಾಯಿತು. ಶಟ್‌ಡೌನಿನಲ್ಲಿ ಸಿಕ್ಕಿಕೊಂಡವರಿಗೆ ಅಲ್ಲಲ್ಲಿ ದಿನಸಿ ಹಂಚುತ್ತಿದ್ದಾರಂತೆ. ಬೇರೆ ಕಷ್ಟದವರೂ ಬರಬಹುದಂತೆ, ಯಾರೂ ಕಾರಣ ಕೇಳುವುದಿಲ್ಲವಂತೆ. ನಮ್ಮೂರು ಸ್ಯಾನ್ ಹೊಸೆಯಲ್ಲೂ ಇತ್ತು. ಆದರೆ ಅಲ್ಲಿ ಕನ್ನಡದವರು ಸಿಕ್ಕಿದರೆ? ಆದ್ದರಿಂದ ಶನಿವಾರ ಬೆಳಗ್ಗೆ, “ಲೈಬ್ರರಿಗೆ ಹೋಗಿ ಬರ್ತೀನಿ,” ಎಂದು ಹೇಳಿ, ತಲೆಗೆ ಸ್ಕಾರ್ಫು, ಬಾಯಿಗೆ ಮಾಸ್ಕು, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿ, ಬೆರ್ರಿಯೆಸಾ ಸ್ಟೇಷನ್ನಿನಲ್ಲಿ ಬಾರ್ಟ್ ರೈಲು ಹತ್ತಿದೆ. ಬ್ಯಾಂಕಿಗೆ ಕನ್ನ ಹಾಕಲು ಹೋಗುವವರೂ ಅಷ್ಟು ತಯಾರಾಗಿ ಹೋಗುವುದಿಲ್ಲ. ಎಷ್ಟೋ ಸ್ಟೇಷನ್ ದಾಟಿ ಹೇವರ್ಡಿನಲ್ಲಿ ಇಳಿದೆ.

ಒಂದು ಚರ್ಚಿನ ಪಾರ್ಕಿಂಗ್ ಲಾಟು. ಸದ್ದಿಲ್ಲದ ಉದ್ದ ಸಾಲು. ನಾನು ಏನೇನೋ ಊಹಿಸಿಕೊಂಡಿದ್ದೆ, ಅಲ್ಲಿದ್ದವರೆಲ್ಲ ನಮ್ಮಂಥವರೇ. ಯೂನಿಫಾರ್ಮಿನ ಮೇಲೆ ಸ್ವೆಟರು ಹಾಕಿಕೊಂಡು ಹೆಸರಿನ ಪಟ್ಟಿ ಮುಚ್ಚಿಕೊಂಡ ಒಬ್ಬ ಗಂಡಸು. ಮಗುವಿಗೆ ಇದೊಂದು ಪಿಕ್ನಿಕ್ ಎಂದು ನಂಬಿಸುತ್ತಿದ್ದ ಒಬ್ಬ ತಾಯಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಫೋನು ನೋಡುತ್ತಿದ್ದರು. ನನ್ನ ಮುಂದಿದ್ದವರ ಫೋನು ಆರಿಯೇ ಇತ್ತು. ನಾನೂ ನನ್ನದನ್ನು ತೆಗೆದು ಹಿಡಿದುಕೊಂಡೆ.

ಅಷ್ಟರಲ್ಲಿ ಸಾಲಿನ ಹಿಂದಿನಿಂದ, ಇಡೀ ಹೇವರ್ಡಿಗೆ ಕೇಳುವ ಹಾಗೆ:

“ಏ ಪದ್ಮವ್ವಾ! ಇಲ್ಲೆ! ಹಿಂದ ನೋಡ್ರಿ!”

ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ನಾಲ್ಕಾಣೆ ದಂಡವಿತ್ತು. ಯಾರಾದರೂ ಕನ್ನಡದಲ್ಲಿ ಕರೆದರೆ ಕೇಳಿಸದವಳಂತೆ ನಿಲ್ಲುವುದು ಆಗ ಕಲಿತ ವಿದ್ಯೆ. ನಿಂತೆ.

“ಅಯ್ಯ, ಕಿವ್ಯಾಗ ಏನ್ ಹಾಕ್ಕೊಂಡಾರ? ಪದ್ಮವ್ವಾ! ನಿಮ್ಮ ಚಪ್ಪಲಿ ನೋಡೇ ಗುರ್ತು ಹಿಡದೇನಿ, ತಿರುಗ್ರಿ!”

ತಿರುಗಿದೆ. ಇಳಕಲ್ಲು ಸೀರೆ, ಕಂಪನಿಯ ಜಾಕೆಟ್ಟು, ಕೈಯಲ್ಲಿ ಖಾಲಿ ಚೀಲ. ದಾನವ್ವ.

“ನೀವು ಇಲ್ಲಿ?” ಎಂದೆವು ಇಬ್ಬರೂ ಒಟ್ಟಿಗೆ.

“ನಾನು... ಸುಮ್ನೆ... ಲೈಬ್ರರಿಗೆ...” ಎಂದೆ.

ದಾನವ್ವ ಸುತ್ತ ನೋಡಿದರು. “ಭಾಳ ಚಲೋ ಲೈಬ್ರರಿ ಐತಿ,” ಎಂದರು. “ನಾ ಪ್ರತಿ ವಾರ ಬರ್ತೇನಿ. ಇವತ್ತ ನೀವು ಬಂದ ಗಾಡ್ಯಾಗ ನಾನೂ ಬಂದೆ ಕಾಣ್ತೈತಿ. ಹಿಂದಿನ ಡಬ್ಬ್ಯಾಗ ಕುಂತಿದ್ದೆ.”

ನಾನು ಮಾಸ್ಕು ತೆಗೆದೆ. ಇನ್ನು ಅದರಿಂದ ಏನು ಪ್ರಯೋಜನ? “ಇವರಿಗೆ ಸಂಬಳ ಬಂದಿಲ್ಲ ದಾನವ್ವನೋರೇ. ನಿಮ್ಮ ಡಬ್ಬಿಗೆ ಹಾಕೋಕೆ ಮನೇಲಿ ಏನೂ ಇರ್ಲಿಲ್ಲ. ಅದಕ್ಕೇ ಬಂದೆ.”

ಅವರು ಸಾಲು ಬಿಟ್ಟು ನನ್ನ ಪಕ್ಕಕ್ಕೆ ಬಂದರು.

“ನವೀನನ ನೌಕರಿ ಹೋಗಿ ಮೂರು ತಿಂಗಳಾತು,” ಎಂದರು, ಈ ಸಲ ಮೆಲ್ಲಗೆ. “ಯಾರ ಮುಂದೂ ಹೇಳಬ್ಯಾಡ ಅಂದಾನ. ಸೊಸಿ ಪಗಾರದಾಗ ಮನಿ ನಡದೈತಿ. ಕಾರು ಮಾರಿದ್ವಿ. ಇಲ್ಲೆ ಕೊಡೂ ಶೇಂಗಾ ಬೆಣ್ಣಿಯಾಗ ಬೆಲ್ಲ ಕಲಿಸಿ ನಿಮಗ ಹೋಳಿಗಿ ಮಾಡಿದೆ. ನೀವು ಬಾದಾಮಿ ಹಲ್ವ ಕಳಸಿದ ಮ್ಯಾಲೆ ನಾ ಡಬ್ಬಿ ಖಾಲಿ ಹೆಂಗ ಕಳಸ್ಲಿ? ನಿಮ್ಮದೇನು, ಸರ್ಕಾರಿ ನೌಕರಿ, ಭದ್ರ ಐತಿ ಅಂತ ತಿಳದಿದ್ದೆ.”

ಅಂದರೆ, ಗೋಡೆಯ ಎರಡೂ ಕಡೆ ಇಬ್ಬರು ಹೆಂಗಸರು ತಮ್ಮ ಮಕ್ಕಳ ಬಾಯಿ ಕಟ್ಟಿ, ಇನ್ನೊಬ್ಬರಿಗೆ ಹಬ್ಬದೂಟ ಕಳಿಸುತ್ತಿದ್ದೆವು! ಇಷ್ಟು ಶ್ರದ್ಧೆಯಿಂದ ಒಬ್ಬರನ್ನೊಬ್ಬರು ಹಾಳು ಮಾಡಿದ ನೆರೆಹೊರೆ ಬೇರೆಲ್ಲೂ ಇರಲಾರದು. ನಗು ಬರಬೇಕಿತ್ತು. ಬರಲಿಲ್ಲ. ಹೊಟ್ಟೆ ಉರಿಸಿಕೊಂಡು ನೋಡುತ್ತಿದ್ದ ಆ ಹುಲ್ಲು, ಆ ಕಾರು, ಹಗಲೆಲ್ಲ ಮನೆಯಲ್ಲಿರುವ ಆ ನವೀನ, ಒಂದೊಂದೂ ಈಗ ಬಂದು ಕೆನ್ನೆಗೆ ಬಾರಿಸಿ ಹೋಯಿತು.

ವಾಪಸ್ ಬರುವಾಗ ರೈಲಿನ ಒಂದೇ ಡಬ್ಬಿಯಲ್ಲಿ ಕೂತು ಬಂದೆವು, ನಡುವೆ ಎರಡು ಚೀಲ. ಸಮಾಧಾನಕ್ಕೆಂದು, “ಬಾಗಿಲು ತೆಗೆದ ಮೇಲೆ ಬಾಕಿ ಎಲ್ಲ ಕೊಡ್ತಾರೆ ದಾನವ್ವನೋರೇ, ಕಾನೂನೇ ಇದೆ,” ಎಂದೆ.

“ನಿಮಗ ಐತಿ,” ಎಂದರು ಅವರು, ಕಿಟಕಿಯಾಚೆ ನೋಡುತ್ತ. “ನಮ್ಮ ಹುಡುಗಗ ಯಾವ ಕಾನೂನು ಐತಿ?”

ಯೂನಿಯನ್ ಸಿಟಿ, ಫ್ರೀಮಾಂಟು ಎಲ್ಲ ದಾಟುವವರೆಗೂ ನಾನು ನನ್ನ ಕಪ್ಪು ಕನ್ನಡಕವನ್ನು ಒರೆಸುತ್ತ ಕೂತೆ.

ಇಳಿಯುವ ಮೊದಲು ಒಪ್ಪಂದವಾಯಿತು. ಇಬ್ಬರ ಮನೆಯೂ ನೆಟ್ಟಗಾಗುವವರೆಗೆ ಡಬ್ಬಿ ಖಾಲಿಯೇ ಹೋಗಬೇಕು, ಖಾಲಿಯೇ ಬರಬೇಕು. ದಾನವ್ವ ನನ್ನ ಕೈಮೇಲೆ ಕೈಯಿಟ್ಟು ಆಣೆ ಮಾಡಿದರು.

ಮನೆಗೆ ಬಂದವಳೇ, ಇದ್ದ ಧೈರ್ಯ ಇಳಿಯುವ ಮೊದಲು ಲಾಸ್ಯಾಗೆ ಫೋನ್ ಮಾಡಿದೆ. “ಲಾಸ್ಯಾ, ಸ್ವಲ್ಪ ಮನೆ ಕಂತಿನ ವಿಷಯ...” ಎನ್ನುತ್ತಲೇ ಅವಳು, “ಅಯ್ಯೋ ಆಂಟಿ, ಅದು ಅಂಕಲ್ ಮೊದಲ ವಾರಾನೇ ಬಂದು ಮಾಡಿಸ್ಕೊಂಡ್ರಲ್ಲ! ‘ಪದ್ದುಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತಾಳೆ, ಯಾರಿಗೂ ಹೇಳಬೇಡಮ್ಮ’ ಅಂದ್ರು. ನಾನು ಯಾರಿಗೂ ಹೇಳಿಲ್ಲ ಆಂಟಿ,” ಎಂದಳು.

ಹೇಳಿಯೂ ಇರಲಿಲ್ಲ, ಪಾಪ. ಮಂಡಳಿಯ ಬಾಯಿಗೆ ನಾನು ಹೆದರಿದ್ದು ದಂಡವಾಯಿತು. ತಿರುಗಿ ನೋಡಿದರೆ ವೆಂಕಟಾಚಲರು ಪೇಪರಿನ ಹಿಂದೆ ಅಚಲವಾಗಿ ಕೂತಿದ್ದರು.

“ಲೈಬ್ರರಿ ಹೇಗಿತ್ತು?” ಎಂದರು.

“ಚೆನ್ನಾಗಿತ್ತು,” ಎಂದೆ.

ನಾನು ಒಪ್ಪಂದದಂತೆ ಡಬ್ಬಿಯನ್ನು ತೊಳೆದು, ಎದೆ ಗಟ್ಟಿಮಾಡಿಕೊಂಡು ಖಾಲಿಯೇ ಕಳಿಸಿದೆ. ಮರುದಿನ ಅದು ಹಗುರವಾಗಿ ವಾಪಸ್ ಬಂತು. ಭಲೇ ದಾನವ್ವ ಎಂದುಕೊಂಡು ಮುಚ್ಚಳ ತೆಗೆದೆ. ತಳದಲ್ಲಿ ಒಂದು ಚಮಚ ಸಕ್ಕರೆ. ಆಣೆ ಮಾಡಿದ ಕೈಗೂ ಪೂರ್ತಿ ಖಾಲಿ ಕಳಿಸಲು ಆಗಿರಲಿಲ್ಲ. ನಾನು ಆ ಸಕ್ಕರೆಯನ್ನು ಮುಟ್ಟಲಿಲ್ಲ. ಅದೇ ಸಕ್ಕರೆಯೊಂದಿಗೆ ಡಬ್ಬಿ ಕಳಿಸಿದೆ. ಅವರೂ ಅದನ್ನೇ ಕಳಿಸಿದರು. ಆ ಚಮಚ ಸಕ್ಕರೆ ಬೇಲಿಯಾಚೆ ಈಚೆ ಎಷ್ಟು ಸಲ ಓಡಾಡಿತೋ! ಎರಡೂ ಮನೆಗಳ ಮರ್ಯಾದೆಯನ್ನು ಅಷ್ಟು ಕಡಿಮೆ ಖರ್ಚಿನಲ್ಲಿ ಕಾಪಾಡಿದ ಇಲಾಖೆ ಬೇರೊಂದಿಲ್ಲ.

ನವೆಂಬರಿನಲ್ಲಿ ಸರ್ಕಾರ ಬಾಗಿಲು ತೆರೆಯಿತು. ಬಾಕಿ ಸಂಬಳ, ಕಾನೂನು ಹೇಳಿದಂತೆ, ಬಂತು. ಇವರು ಅಂದೂ ಶರ್ಟು ಇಸ್ತ್ರಿ ಮಾಡಿಕೊಂಡೇ ಹೋದರು. ನಿನ್ನೆಗೂ ಇಂದಿಗೂ ಒಂದೇ ಇಸ್ತ್ರಿ. ನಾನು ತುಪ್ಪ ತಂದು, ಕಡಲೆಹಿಟ್ಟು ಹುರಿದು, ಡಬ್ಬಿಯಲ್ಲಿದ್ದ ಆ ಚಮಚ ಸಕ್ಕರೆಯನ್ನೂ ಪಾಕಕ್ಕೆ ಸುರಿದು, ಮೈಸೂರು ಪಾಕು ಮಾಡಿದೆ. ಡಬ್ಬಿ ತುಂಬಿಕೊಂಡು, ವಿಭಾಳನ್ನು ಕರೆದುಕೊಂಡು ಪಕ್ಕದ ಮನೆಗೆ ನಡೆದೆ.

ದಾನವ್ವ ಮುಚ್ಚಳ ತೆಗೆದು ನೋಡಿದರು. ಮುಖ ಅರಳಿತು. ಆಮೇಲೆ ಮುಚ್ಚಳ ಹಾಕಿ, ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

“ಬ್ಯಾಡ ಪದ್ಮವ್ವಾ. ನಿಮ್ಮ ಮನಿ ಶಟ್‌ಡೌನ್ ಮುಗೀತು. ಭಾಳ ಸಂತೋಷ. ನಮ್ಮ ಮನೀದು ಇನ್ನೂ ಮುಗದಿಲ್ಲ. ಇದನ್ನ ತಗೊಂಡು ನಾ ಏನ್ ತುಂಬಿ ಕಳಸ್ಲಿ?”

ಇದಕ್ಕೆ ನಾನು ಮೊದಲೇ ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ. ಸುಪ್ರೀಂ ಕೋರ್ಟಿನ ವಕೀಲರ ಹಾಗೆ ಗಂಟಲು ಸರಿಮಾಡಿಕೊಂಡೆ. “ನೀವು ಏನೂ ಕಳಿಸೋ ಹಾಗೇ ಇಲ್ಲ! ಡಬ್ಬಿ ನಿಮ್ಮದು. ನಿಮ್ಮ ಡಬ್ಬಿ ನಿಮ್ಮ ಮನೆಗೆ ಬಂತು. ಇಲ್ಲಿಗೆ ಮುಗೀತು.”

“ನಮ್ಮ ಡಬ್ಬಿ?”

“ಮತ್ತೆ? ಬನ್ನಿ ಹಬ್ಬದ ದಿನ ನೀವೇ ತಂದ್ರಲ್ಲ!”

“ನಿಮ್ಮದು ನಿಮಗ ತಂದು ಕೊಟ್ಟೆ. ಗೌರಿ ಹಬ್ಬಕ್ಕ ಒಬ್ಬಟ್ಟು ಕಳಿಸಿದ್ರಲ್ಲ, ಆ ಡಬ್ಬಿ. ಒಂದು ತಿಂಗಳು ಮ್ಯಾಲಾಗಿತ್ತು. ಭಾಳ ತಡಾ ಆತು ಅಂತ ಅವತ್ತ ಹೇಳಲಿಲ್ಲೇನು?” ಎಂದು ದಾನವ್ವ ಡಬ್ಬಿಯನ್ನು ತಲೆಯ ಮೇಲೆ ಎತ್ತಿ, ಅಡಿಯನ್ನು ನನಗೆ ತೋರಿಸಿದರು. “ನಂಜಮ್ಮ ಅಂತ ಐತಿ. ಯಾರು ಅವರು?”

ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಿ ಎದುರಿಗೇ ನಿಂತು ಕೊರೆಸಿದ್ದು.

“ನಮ್ಮಮ್ಮ,” ಎಂದೆ.

ಒಬ್ಬಟ್ಟು ಕಳಿಸಿದವಳು ನಾನು. ಡಬ್ಬಿ ಮರೆತವಳು ನಾನು. ದಾನವ್ವ ಸಂಪ್ರದಾಯದಂತೆ ಕರಿಗಡಬು ತುಂಬಿ ಅದನ್ನು ವಾಪಸ್ ಕೊಟ್ಟ ಸಂಜೆಗೇ ಲೆಕ್ಕ ಚುಕ್ತಾ ಆಗಿತ್ತು. ಅಂದು ನಾನು ಮಾಡಬೇಕಾಗಿದ್ದದ್ದು ಇಷ್ಟೇ: ಅಮ್ಮನ ಡಬ್ಬಿಯನ್ನು ತೊಳೆದು ಕಪಾಟಿನಲ್ಲಿಡುವುದು.

ದಾನವ್ವನಿಗೆ ನಿಧಾನವಾಗಿ ಅರ್ಥವಾಯಿತು. ಆಮೇಲೆ ಅವರು ನಕ್ಕ ನಗುವಿಗೆ ಒಳಗಿನಿಂದ ನವೀನ ಓಡಿ ಬಂದ. “ಏನಾತವ್ವಾ?” ಎಂದರೆ ಉತ್ತರ ಕೊಡಲು ಅವರಿಗೆ ಉಸಿರಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ರಟ್ಟೆ ಹಿಡಿದು ಒಳಗೆ ಎಳೆದರು. ಬಹುವಚನ ಹೊಸ್ತಿಲಲ್ಲೇ ಉಳಿಯಿತು.

“ಬಾ ಒಳಗ, ಕೂಡು. ನಿನ್ನ ಡಬ್ಬಿ ನೀನ ಹಿಡ್ಕೊ. ಎಲ್ಲಾರೂ ಇಲ್ಲೇ ತಿನ್ನೂಣು. ಖಾಲಿ ಆದ ಮ್ಯಾಲೆ ನೀನ ಒಯ್ಯಿ. ಯಾರೂ ಯಾರಿಗೂ ಏನೂ ಕಳಸೂದು ಬ್ಯಾಡ.”

ಕೂತೆವು. ತಿಂದೆವು. ನವೀನ ಎರಡನೆಯ ತುಂಡಿಗೆ ಕೈ ಹಾಕುವಾಗ ತಾಯಿಯ ಮುಖ ನೋಡಿದ. ಅವರು ಬೇರೆ ಕಡೆ ನೋಡಿದರು. ಅವನು ಮೂರನೆಯದನ್ನೂ ತೆಗೆದುಕೊಂಡ.

ಖಾಲಿ ಡಬ್ಬಿ ಹಿಡಿದು ಮನೆಯತ್ತ ಬರುವಾಗ ವಿಭಾ ನನ್ನ ಪಕ್ಕದಲ್ಲಿ ಬಹಳ ಸುಮ್ಮನೆ ನಡೆಯುತ್ತಿದ್ದಳು. ಚಿಕ್ಕಂದಿನಲ್ಲಿ ಅವಳನ್ನು ಶನಿವಾರಗಳಂದು ಅಳಿಸಿ, ಎಳೆದುಕೊಂಡು ಹೋಗಿ, ಕನ್ನಡ ಕ್ಲಾಸಿಗೆ ಹಾಕಿದ್ದು ನನಗೆ ತಟ್ಟನೆ ನೆನಪಾಯಿತು.

“ನಿಂಗೆ ಮೊದ್ಲೇ ಗೊತ್ತಿತ್ತಾ?” ಎಂದೆ.

“ಐ ಡ್ರೈ ಇಟ್ ಎವ್ರಿ ಟೈಮ್, ಅಮ್ಮಾ. ಅಜ್ಜೀಸ್ ನೇಮ್. ಐ ಕ್ಯಾನ್ ರೀಡ್ ದಟ್ ಮಚ್.”

“ಮತ್ತೆ ಹೇಳೋದಲ್ವೇನೇ!”

ಅವಳು ನಿಂತು, ನನ್ನ ಮುಖವನ್ನೇ ನೋಡಿ, ಹುಟ್ಟಿದಾಗಿನಿಂದ ನನಗೆಂದೂ ತೋರಿಸದಿದ್ದ ವಿಧೇಯತೆಯಿಂದ, ಅಚ್ಚ ಕನ್ನಡದಲ್ಲಿ ಹೇಳಿದಳು:

“ಯಾರಿಗೂ ಏನೂ ಹೇಳಕೂಡದು ಅಂದಿದ್ಯಲ್ಲ.”